ಓಡಿಹೋಗುವುದು: ಐದು ಇಂಗ್ಲಿಷ್ ಪದಗಳ ಅರ್ಥಛಾಯೆ

ತರಗತಿ: 9. ವಿಷಯ: ಇಂಗ್ಲಿಷ್ ಪದಸಂಪತ್ತು.

ಉದ್ದೇಶ: ಸಮಾನಾರ್ಥಕಗಳೆಂದು ಉರುಹೊಡೆಯುವ ಪದಗಳ ವ್ಯತ್ಯಾಸವನ್ನು ಮಕ್ಕಳು ಗುರುತಿಸುವರು.

ಪೀಠಿಕೆ: ‘ತಪ್ಪಿಸಿಕೊಂಡ’, ‘ತಲೆಮರೆಸಿಕೊಂಡ’ ಎರಡೂ ಒಂದೆಯೇ ಎಂದು ಕೇಳಿ. ‘ಯಾವುದರಿಂದ? ಏಕೆ? ಯಾರೊಂದಿಗೆ?’ ಎಂದು ಕಪ್ಪುಹಲಗೆಯ ಮೇಲೆ ಬರೆಯಿರಿ.

ಬೆಳವಣಿಗೆ:
1. ಫ್ಲೀ: ಅಪಾಯಕ್ಕೆ ಹೆದರಿ ಓಡುವುದು. 1565ರ ತಾಳಿಕೋಟೆ ಯುದ್ಧದ ಬಳಿಕ ತಿರುಮಲ ರಾಜಧಾನಿ ಬಿಟ್ಟು ಪೆನುಕೊಂಡಕ್ಕೆ ಹೋದದ್ದು ಹೀಗೆ. ಭೂತಕಾಲ ‘ಫ್ಲೆಡ್’, ‘ಫ್ಲೂ’ ಎಂದರೆ ಹಾರಿತು.
2. ಎಸ್ಕೇಪ್: ಪಾರಾಗುವುದು. ಫ್ಲೀ ಪ್ರಯತ್ನ, ಎಸ್ಕೇಪ್ ಅದರ ಫಲ. ಓಡದೆಯೂ ಅಪಘಾತದಿಂದ ಪಾರಾಗಬಹುದು.
3. ಅಬ್‌ಸ್ಕಾಂಡ್: ಕಾನೂನಿಗೆ ಸಿಗದಂತೆ ತಲೆಮರೆಸಿಕೊಳ್ಳುವುದು.
4. ಇಲೋಪ್: ಪ್ರೇಮಿಗಳು ಮದುವೆಗಾಗಿ ಗುಟ್ಟಾಗಿ ಹೋಗುವುದು, ಒಬ್ಬರಿಗೇ ಸಲ್ಲದು.
5. ರನ್ ಅವೇ: ಹೇಳದೆ ಕೇಳದೆ ಮನೆ ಬಿಟ್ಟು ಓಡುವುದು, ಮಕ್ಕಳ ವಿಷಯದಲ್ಲಿ ಹೆಚ್ಚು ಬಳಕೆ.

ಎಚ್ಚರಿಕೆ: ಹೊಸಹಳ್ಳಿ, ಕೂಡ್ಲಿಗಿ ಕಡೆ ಮಳೆ ಕೈಕೊಟ್ಟರೆ ಕುಟುಂಬಗಳು ಗುಳೆ ಹೋಗುತ್ತವೆ. ಹೆತ್ತವರ ಜೊತೆ ಹೋದ ಮಗುವಿಗೆ ಈ ಐದರಲ್ಲಿ ಯಾವುದೂ ಒಪ್ಪದು; ಅಲ್ಲಿ ‘ಮೈಗ್ರೇಟ್’ ಬೇಕು. ‘ಅಬ್‌ಸ್ಕಾಂಡ್’ ಎಂದರೆ ತಪ್ಪು ಮಾಡದ ಮಗುವಿನ ಮೇಲೆ ತಪ್ಪು ಹೊರಿಸಿದಂತೆ.

ಮೌಲ್ಯಮಾಪನ: ಆರು ಸನ್ನಿವೇಶ ಕೊಡಿ. ಪದದ ಜೊತೆ ಕಾರಣವನ್ನೂ ಕೇಳಿ. ಕಾರಣಕ್ಕೇ ಹೆಚ್ಚು ಅಂಕವಿರಲಿ.