ಸೊನ್ನೆ ಯಾಕೆ ಬಂತು?

ಬೇಸಿಕ್ ಎಂಬುದು ಕಂಪ್ಯೂಟರಿಗೆ ಕೆಲಸ ಹೇಳುವ ಭಾಷೆ. 1964ರಲ್ಲಿ ಅಮೆರಿಕದ ಡಾರ್ಟ್‌ಮೌತ್ ಕಾಲೇಜಿನ ಜಾನ್ ಕೆಮೆನಿ ಮತ್ತು ಥಾಮಸ್ ಕರ್ಟ್ಜ್ ಇದನ್ನು ವಿದ್ಯಾರ್ಥಿಗಳಿಗಾಗಿ ಮಾಡಿದರು.

ನಮ್ಮವ್ವ ಬನಹಟ್ಟಿಗೆ ಮಗ್ಗದ ಕೆಲಸಕ್ಕೆ ಹೋಗುತ್ತಾಳೆ. "ವಾರದ ಕೂಲಿ ಬರೋಬ್ಬರಿ ಐತೇನ ನೋಡಪಾ" ಅಂದಳು. ಪ್ರತಿ ವಾರ ನೋಡಲು ಬರಲಿ ಎಂದು ಹೀಗೆ ಬರೆದೆ (ಟೈಪ್ ಮಾಡುವುದು ಇಂಗ್ಲಿಷ್ ಅಕ್ಷರದಲ್ಲಿ):

10 ಇನ್‌ಪುಟ್ ಸೀರೆ
20 ಇನ್‌ಪುಟ್ ದರ
30 ಕೂಲಿ = ಸೀರಿ * ದರ
40 ಪ್ರಿಂಟ್ ಕೂಲಿ

ರನ್ ಮಾಡಿ ಸೀರೆ 16, ದರ 185 ಕೊಟ್ಟೆ. ಉತ್ತರ 0! ತಪ್ಪು ಎಲ್ಲಿದೆ ಅಂತ ಕಂಪ್ಯೂಟರ್ ಹೇಳಲೇ ಇಲ್ಲ. 40ನೇ ಸಾಲನ್ನೇ ನಾಲ್ಕು ಸಲ ತಿದ್ದಿದೆ. ಮತ್ತೆ 0.

ಅವ್ವನ ಮುಂದೆ ಹೇಳಿದೆ. "ಅರಿವ್ಯಾಗ ತಪ್ಪ ಕಂಡ್ರ ಅರಿವಿ ತಿಕ್ಕಿದ್ರ ಹೋಗತೈತೇನು? ಎಳಿ ಹಿಡದು ಹಿಂದಕ್ಕ ಹೋಗಬೇಕು" ಅಂದಳು.

ಮರುದಿನ ಹಾಗೇ ಮಾಡಿದೆ. ಸಾಲಿನ ನಂಬರು ಹತ್ತತ್ತು ಬಿಟ್ಟು ಕೊಟ್ಟರೆ ನಡುವೆ ಹೊಸ ಸಾಲು ಸೇರಿಸಬಹುದು:

25 ಪ್ರಿಂಟ್ ಸೀರೆ, ದರ

16, 185 ಸರಿಯಾಗಿ ಬಂತು. ಅಂದರೆ ತಪ್ಪು 25ರ ಮುಂದೆ ಇದೆ. 30ನೇ ಸಾಲು ನೋಡಿದೆ. 10ರಲ್ಲಿ ಪುಸ್ತಕದಂತೆ "ಸೀರೆ" ಬರೆದವನು, 30ರಲ್ಲಿ ಮನೆಯ ಮಾತಿನಂತೆ "ಸೀರಿ" ಬರೆದಿದ್ದೆ! ಬೆಲೆ ಕೊಡದ ಹೆಸರನ್ನು ನಮ್ಮ ಬೇಸಿಕ್ 0 ಎಂದೇ ಹಿಡಿಯುತ್ತದೆ. ತಿದ್ದಿದ ಮೇಲೆ 2960 ಬಂತು.

ಅವ್ವನ ಚೀಟಿಯಲ್ಲಿ 2775 ಇತ್ತು. ಒಂದು ಸೀರೆ ಬಿಟ್ಟುಹೋಗಿತ್ತು. ಕೇಳಿ 185 ರೂಪಾಯಿ ತಂದಳು.

ನಿಮಗೂ ಸೊನ್ನೆ ಬಂದರೆ ಉತ್ತರದ ಸಾಲು ತಿದ್ದುತ್ತ ಕೂಡ್ರಬೇಡಿ. ನಡುವೆ ಒಂದು ಪ್ರಿಂಟ್ ಹಾಕಿ, ಹೆಸರುಗಳ ಒಂದೊಂದು ಅಕ್ಷರ ಹೋಲಿಸಿ ನೋಡಿ.

– 7ನೇ ತರಗತಿ ವಿದ್ಯಾರ್ಥಿ