ವೀರಗಲ್ಲಿನಿಂದ ಸೈನಿಕ ಸ್ಮಾರಕಕ್ಕೆ: ಮಕ್ಕಳೊಡನೆ ಬೆಂಗಳೂರಿನಲ್ಲಿ ಒಂದು ದಿನ

ಕಾಳಗದಲ್ಲಿ ಮಡಿದವರನ್ನು ಮಕ್ಕಳಿಗೆ ಪರಿಚಯಿಸಬಯಸುವ ಕುಟುಂಬಗಳು ಬೊಮ್ಮನಹಳ್ಳಿಗೆ ಸಮೀಪದ ಬೇಗೂರಿನಿಂದ ಆರಂಭಿಸುವುದು ಸೂಕ್ತ. ಅಲ್ಲಿಯ ನಾಗೇಶ್ವರ ದೇವಾಲಯದ ಆವರಣದಲ್ಲಿ ಗಂಗರ ಕಾಲದ ವೀರಗಲ್ಲುಗಳಿವೆ. ವೀರಗಲ್ಲೆಂದರೆ ಹೋರಾಡಿ ಸತ್ತವನ ನೆನಪಿಗೆ ಅವನ ಊರಿನವರೋ ಒಡೆಯನೋ ನಿಲ್ಲಿಸಿದ ಕಲ್ಲು. ಇವುಗಳಲ್ಲಿ ಸುಮಾರು ಕ್ರಿ.ಶ. 900ರ ಒಂದು ಶಾಸನ ಬೆಂಗಳೂರಿನಲ್ಲಿ ನಡೆದ ಕಾಳಗವನ್ನು ಹೇಳುತ್ತದೆ. ರಾಜಧಾನಿಯ ಹೆಸರು ಮೊದಲು ಕಾಣಿಸಿಕೊಳ್ಳುವುದು ಹೀಗೆ, ಮಡಿದವನೊಬ್ಬನ ಕಲ್ಲಿನ ಮೇಲೆ ಎಂಬುದನ್ನು ಮಕ್ಕಳಿಗೆ ತಪ್ಪದೆ ತಿಳಿಸಬೇಕು.

ಬೆಳಗಿನ ಓರೆ ಬಿಸಿಲಿನಲ್ಲಿ ಸವೆದ ಅಕ್ಷರಗಳೂ ಎದ್ದು ಕಾಣುವುದರಿಂದ ಬೇಗ ಹೋಗುವುದು ಮೇಲು. ಅಕ್ಷರ ಸ್ಪಷ್ಟವಾಗಲೆಂದು ಸುಣ್ಣ, ಎಣ್ಣೆ ಹಚ್ಚುವುದು ಕಲ್ಲಿಗೆ ಹಾನಿ. ಮುಂದಿನ ಶತಮಾನಗಳ ವೀರಗಲ್ಲುಗಳನ್ನು ಸಾಮಾನ್ಯವಾಗಿ ಕೆಳಗಿನಿಂದ ಮೇಲಕ್ಕೆ ಓದಬೇಕು: ಕೆಳಗೆ ಹೋರಾಟ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವ ದೃಶ್ಯ, ಮೇಲೆ ಶಿವಸನ್ನಿಧಿ. ಗಂಗರ ಕಲ್ಲುಗಳಲ್ಲಿ ಈ ಅಂತಸ್ತುಗಳಿಗಿಂತ ಕಾಳಗದ ಚಿತ್ರವೇ ಪ್ರಧಾನ.

ಬೇಗೂರಿನದೇ ಒಂದು ದೊಡ್ಡ ಕಲ್ಲು ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ (ಸೋಮವಾರ ರಜೆ, ಯಾವ ಕೊಠಡಿ ತೆರೆದಿದೆಯೆಂದು ಮೊದಲೇ ವಿಚಾರಿಸುವುದು ಒಳಿತು). ಆನೆ ಕುದುರೆಗಳ ದಟ್ಟ ಕಾಳಗದ ಮೇಲಿರುವ ಬರಹ, ಗಂಗರ ಅರಸ ಎರೆಯಪ್ಪನ ಆಜ್ಞೆಯಂತೆ ಹೋರಾಡಿ ಸತ್ತ ನಾಗತ್ತರನ ಸ್ಥಾನವನ್ನೂ ಹನ್ನೆರಡು ಊರುಗಳನ್ನೂ ಇರುಗನೆಂಬವನಿಗೆ ಕೊಟ್ಟದ್ದನ್ನು ದಾಖಲಿಸುತ್ತದೆ. ಇಂಥ ದಾನಕ್ಕೆ ಕಲ್ನಾಡು ಎಂಬ ಹೆಸರಿತ್ತು; ರಕ್ತಕ್ಕೆ ಪ್ರತಿಯಾಗಿ ಮಡಿದವನ ಮನೆತನಕ್ಕೆ ಭೂಮಿ ಕೊಡುವುದು ನೆತ್ತರುಗೊಡಗೆ. ಶೌರ್ಯವನ್ನಷ್ಟೇ ವರ್ಣಿಸುವ ಪಾಠ ಅರೆಪಾಠವಾಗುತ್ತದೆ. ಸತ್ತವನಿಗೊಂದು ಮನೆಯಿತ್ತು, ಆ ಮನೆಯ ಹೊಣೆ ಉಳಿದವರದು ಎಂಬ ಅರಿವನ್ನು ಈ ಎರಡು ಪದಗಳು ಮಗುವಿಗೆ ನೇರವಾಗಿ ಮುಟ್ಟಿಸುತ್ತವೆ.

ಬಿಸಿಲು ಇಳಿದ ಮೇಲೆ ನೆಹರೂ ತಾರಾಲಯದ ಬಳಿಯ ರಾಷ್ಟ್ರೀಯ ಸೈನಿಕ ಸ್ಮಾರಕಕ್ಕೆ ಹೋಗಬಹುದು. ಇಲ್ಲಿ 75 ಅಡಿ ಎತ್ತರದ ಏಕಶಿಲೆಯನ್ನು ನಿಲ್ಲಿಸಿ ಅದಕ್ಕೂ ವೀರಗಲ್ಲೆಂದೇ ಹೆಸರಿಟ್ಟಿರುವುದರಿಂದ ಬೆಳಿಗ್ಗೆ ಕಂಡದ್ದು ಮಕ್ಕಳ ಮನಸ್ಸಿನಲ್ಲಿ ತಾನಾಗಿ ಬೆಸೆಯುತ್ತದೆ. ಸ್ವಾತಂತ್ರ್ಯಾನಂತರ ಪ್ರಾಣತೆತ್ತ ಇಪ್ಪತ್ತು ಸಾವಿರಕ್ಕೂ ಹೆಚ್ಚು ಯೋಧರ ಹೆಸರುಗಳನ್ನು ಇಲ್ಲಿ ಕೆತ್ತಲಾಗಿದೆ. ಎಲ್ಲವನ್ನೂ ತೋರಿಸುವ ಅವಸರ ಬೇಡ. ಮಗು ಒಂದೇ ಹೆಸರನ್ನು ಆರಿಸಿ, ಗಟ್ಟಿಯಾಗಿ ಓದಿ, ತನ್ನ ಪುಸ್ತಕದಲ್ಲಿ ಬರೆದುಕೊಳ್ಳುವಷ್ಟು ಹೊತ್ತು ಹಿರಿಯರು ಪಕ್ಕದಲ್ಲಿ ಸುಮ್ಮನೆ ನಿಂತರೆ ಸಾಕು.