ಒಣಗಿದ ಬಣ್ಣ, ಬೆಂದ ಬಣ್ಣ

ಪ್ರಶ್ನೆ: ನಾನೂ ನನ್ನ ತಮ್ಮನೂ ಸೇರಿ ಬಾಲ್ಸಾ ಮರದಲ್ಲಿ ಆರಡಿ ರೆಕ್ಕೆಯ ಮಾಡೆಲ್ ವಿಮಾನ ಕಟ್ಟಿದ್ದೇವೆ. 20 ಸಿಸಿ ಪೆಟ್ರೋಲ್ ಇಂಜಿನ್. ಬಣ್ಣದ ಮೇಲೆ ಸ್ಪ್ರೇ ಡಬ್ಬಿಯ ಕ್ಲಿಯರ್ ಹೊಡೆದಿದ್ದೆವು. ಎರಡೇ ಹಾರಾಟಕ್ಕೆ ಸೈಲೆನ್ಸರ್ ಪಕ್ಕ ಅಂಟಂಟಾಗಿ, ಒರೆಸಿದರೆ ಬಣ್ಣವೇ ಬಟ್ಟೆಗೆ ಬರುತ್ತಿದೆ. ಪೆಟ್ರೋಲ್ ಬಿದ್ದರೂ ಜಗ್ಗದ ಕ್ಲಿಯರ್ ಯಾವುದು?
— ಓದುಗರು, ವಡ್ಡು, ಸಂಡೂರು ತಾಲ್ಲೂಕು

ಉತ್ತರ: ಹೆಸರು ಮೊದಲೇ ಹೇಳಿಬಿಡುತ್ತೇನೆ. ಹಾರ್ಡ್‌ನರ್ ಬೆರೆಸಿ ಹಚ್ಚುವ ಎರಡು ಡಬ್ಬಿಯ ಪಾಲಿಯುರಿಥೇನ್ ಕ್ಲಿಯರ್. ಕಾರಿಗೆ ಬಣ್ಣ ಹೊಡೆಯುವವರು ಇದನ್ನು ಪಿಯು ಕ್ಲಿಯರ್ ಅಥವಾ ಟೂ-ಕೆ ಅನ್ನುತ್ತಾರೆ. ಹೊಸಪೇಟೆಯಲ್ಲಿ ಕಾರ್ ಪೇಂಟ್ ಮಾರುವ ಅಂಗಡಿಗಳಲ್ಲಿ ಕೇಳಿ. ಆದರೆ ಹೆಸರು ಗೊತ್ತಾದ ಮಾತ್ರಕ್ಕೆ ನಿಮ್ಮ ಕೆಲಸ ಮುಗಿಯುವುದಿಲ್ಲ. ಮೊದಲಿನ ಕ್ಲಿಯರ್ ಯಾಕೆ ಸೋತಿತು ಎಂಬುದು ತಿಳಿಯದಿದ್ದರೆ ಇದನ್ನೂ ಕೆಡಿಸಿಕೊಳ್ಳುವ ದಾರಿಗಳು ಬಹಳ ಇವೆ.

ಹಸಿ ಇಟ್ಟಿಗೆಯನ್ನೂ ಸುಟ್ಟ ಇಟ್ಟಿಗೆಯನ್ನೂ ನೆನೆಸಿಕೊಳ್ಳಿ. ಎರಡೂ ಮಣ್ಣೇ, ಮುಟ್ಟಿದರೆ ಎರಡೂ ಗಟ್ಟಿಯೇ. ಒಂದು ಮಳೆ ಬಂದರೆ ಹಸಿ ಇಟ್ಟಿಗೆ ಮತ್ತೆ ಕೆಸರಾಗುತ್ತದೆ. ಅದರೊಳಗಿನ ನೀರು ಆರಿತ್ತು, ಅಷ್ಟೇ. ಮಣ್ಣು ಮಣ್ಣಾಗಿಯೇ ಉಳಿದಿತ್ತು. ಸುಟ್ಟ ಇಟ್ಟಿಗೆ ಮತ್ತೆ ಮಣ್ಣಾಗುವುದಿಲ್ಲ. ಕ್ಲಿಯರ್‌ಗಳಲ್ಲೂ ಇವೇ ಎರಡು ಜಾತಿ. ಮಾಮೂಲಿ ಸ್ಪ್ರೇ ಡಬ್ಬಿಯ ಅಕ್ರಿಲಿಕ್, ಪೀಠೋಪಕರಣಕ್ಕೆ ಹೊಡೆಯುವ ಎನ್‌ಸಿ ಲ್ಯಾಕರ್, ಚನ್ನಪಟ್ಟಣದ ಗೊಂಬೆಗಳಿಗೆ ಹೊಳಪು ಕೊಡುವ ಅರಗು ಇವೆಲ್ಲ ಒಣಗುವ ಜಾತಿ. ಥಿನ್ನರ್ ಆರಿತು ಅಥವಾ ಕಾವು ಇಳಿಯಿತು, ಪದರ ಗಟ್ಟಿಯಾಯಿತು. ತಕ್ಕ ದ್ರಾವಕ ಮತ್ತೆ ಬಿದ್ದರೆ ಅದು ಕರಗಲೇಬೇಕು. ಪಿಯು ಮತ್ತು ಎಪಾಕ್ಸಿ ಬೇಯುವ ಜಾತಿ. ಹಾರ್ಡ್‌ನರ್ ಸೇರಿದ ಮೇಲೆ ಉದ್ದುದ್ದ ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಬಲೆಯಾಗುತ್ತವೆ. ಆಮೇಲೆ ದ್ರಾವಕ ಬಂದರೂ ಬಲೆ ಸ್ವಲ್ಪ ಉಬ್ಬೀತೇ ಹೊರತು ಕರಗದು.

ಇನ್ನು ನಿಮ್ಮ ಪೆಟ್ರೋಲಿನ ವಿಚಾರ. ಅದನ್ನು ಒಂದೇ ವಸ್ತು ಅಂದುಕೊಳ್ಳಬೇಡಿ. ಥಿನ್ನರ್‌ನಲ್ಲಿರುವ ಟೊಲುವೀನ್, ಝೈಲೀನ್ ಜಾತಿಯ ದ್ರವಗಳು ಪೆಟ್ರೋಲಿನಲ್ಲೂ ಇವೆ. ಬಿಎಸ್-6 ಪೆಟ್ರೋಲಿನಲ್ಲಿ ಇಂಥವು ಶೇ. 35ರವರೆಗೆ ಇರಬಹುದು. ಅದರ ಮೇಲೆ ಎಥನಾಲ್. ಶೇ. 20 ಎಥನಾಲ್ ಬೆರೆತ ಇ20 ಪೆಟ್ರೋಲ್ ಬೆಂಗಳೂರಿನಲ್ಲಿ 2023ರ ಫೆಬ್ರವರಿಯಲ್ಲಿ ಬಿಡುಗಡೆಯಾಯಿತು, ಈಗ ಬಂಕುಗಳಲ್ಲಿ ಅದೇ ಮಾಮೂಲಿ. ಕಂಪ್ಲಿ, ಹೊಸಪೇಟೆ ಕಡೆ ಕಬ್ಬು ಬೆಳೆಯುವವರಿಗೆ ಕಾಕಂಬಿಯಿಂದ ಎಥನಾಲ್ ಆಗುವ ಕಥೆ ಹೊಸದಲ್ಲ. ನಮ್ಮ ಹವ್ಯಾಸಕ್ಕೆ ಮಾತ್ರ ಇದು ದೊಡ್ಡ ಬದಲಾವಣೆ. ಬರೀ ಪೆಟ್ರೋಲಿಗೆ ಅರಗು ಕರಗುವುದಿಲ್ಲ, ಆಲ್ಕೋಹಾಲ್‌ಗೆ ಕರಗುತ್ತದೆ. ಹಾಗಾಗಿ ಇಪ್ಪತ್ತು ವರ್ಷದ ಹಿಂದೆ ಯಾರಾದರೂ ‘ಪೆಟ್ರೋಲಿಗೆ ಇದು ತಡೆಯುತ್ತೆ’ ಎಂದು ಹೇಳಿದ್ದರೆ ಅವರು ಸುಳ್ಳು ಹೇಳಿರಲಿಲ್ಲ. ಇವತ್ತಿನ ಪೆಟ್ರೋಲಿಗೆ ಆ ಮಾತು ಸಾಕಾಗುವುದಿಲ್ಲ. ಇಷ್ಟರ ಜೊತೆಗೆ ನೀವೇ ಲೀಟರಿಗೆ 25ರಿಂದ 40 ಮಿ.ಲೀ. ಟೂ-ಸ್ಟ್ರೋಕ್ ಎಣ್ಣೆ ಬೆರೆಸುತ್ತೀರಿ. ಪೆಟ್ರೋಲ್ ಆರಿಹೋಗುತ್ತದೆ. ಸೈಲೆನ್ಸರಿನಿಂದ ಚಿಮ್ಮಿದ ಎಣ್ಣೆ ಆರುವುದಿಲ್ಲ, ಮೆತ್ತಗಾದ ಪದರದ ಬಿರುಕಲ್ಲಿ ನುಗ್ಗಿ ಬಾಲ್ಸಾದೊಳಗೆ ಇಳಿಯುತ್ತದೆ. ನಿಮ್ಮ ಬಟ್ಟೆಗೆ ಬಣ್ಣ ಬಂದದ್ದು ಹೀಗೆ.

ಗ್ಲೋ ಇಂಜಿನ್ ಇದ್ದವರು ಕೇಳಿದರೆ ಲೆಕ್ಕ ಬೇರೆ. ಅವರ ಇಂಧನದಲ್ಲಿ ಬಹುಪಾಲು ಮೆಥನಾಲ್, ಸುಮಾರು ಐದರಲ್ಲೊಂದು ಪಾಲು ಎಣ್ಣೆ, ಸಾಮಾನ್ಯವಾಗಿ ಶೇ. 5ರಿಂದ 15ರಷ್ಟು ನೈಟ್ರೋಮೀಥೇನ್. ಆ ಎಣ್ಣೆ ಎಷ್ಟೋ ಸಲ ನಮ್ಮ ಹರಳೆಣ್ಣೆಯೇ. ಮೊದಲ ಮಹಾಯುದ್ಧದ ರೋಟರಿ ಇಂಜಿನ್‌ಗಳಿಗೂ ಹರಳೆಣ್ಣೆಯೇ ಗತಿಯಾಗಿತ್ತು, ಯಾಕೆಂದರೆ ಅದು ಪೆಟ್ರೋಲಿನಲ್ಲಿ ಸುಲಭಕ್ಕೆ ಬೆರೆಯದೆ ಲೋಹಕ್ಕೆ ಅಂಟಿ ನಿಲ್ಲುತ್ತಿತ್ತು. ಮೆಥನಾಲ್‌ನಲ್ಲಿ ಅದೇ ಎಣ್ಣೆ ಚೆನ್ನಾಗಿ ಬೆರೆಯುತ್ತದೆ. ಈ ಮಿಶ್ರಣದ ಮುಂದೆ ಎನ್‌ಸಿ ಲ್ಯಾಕರ್ ಒಂದು ಗಳಿಗೆ ನಿಲ್ಲದು. ಇದು ನಾನು ಕಂಡು ಅನುಭವಿಸಿದ ಮಾತು. ಕಾಲೇಜಿನ ದಿನಗಳಲ್ಲಿ ಮೂರು ತಿಂಗಳು ಕೂತು ಕಟ್ಟಿ, ರೇಷ್ಮೆ ಬಟ್ಟೆ ಹೊದಿಸಿ, ಎನ್‌ಸಿ ಹೊಡೆದ ವಿಮಾನ ಮೊದಲ ಇಂಧನ ತುಂಬುವಾಗಲೇ ಮೂಗಿನ ಹತ್ತಿರ ಬೆಳ್ಳಗೆ ಸುಕ್ಕಾಯಿತು. ಅದನ್ನು ನೋಡುತ್ತ ನಿಂತ ಆ ಬೆಳಗಿನ ಸಂಕಟ ನನಗೆ ಇನ್ನೂ ನೆನಪಿದೆ. ಅದಕ್ಕೇ ನಿಮ್ಮ ಪತ್ರಕ್ಕೆ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಹಳಬರು ಡೋಪ್ ಹಚ್ಚಿ ಅನ್ನುತ್ತಾರೆ. ಅದು ಒಳ್ಳೆಯ ವಿದ್ಯೆಯೇ. 1958ರಲ್ಲಿ ಬೆಂಗಳೂರಿನ ಎಚ್‌ಎಎಲ್‌ನಿಂದ ಹಾರಿದ ಪುಷ್ಪಕ್ ಬಟ್ಟೆ ಹೊದಿಸಿದ ವಿಮಾನ. ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಎಷ್ಟೋ ಜನ ಅದರಲ್ಲೇ ಹಾರುವುದನ್ನು ಕಲಿತರು. ಅಂಥ ಬಟ್ಟೆಯನ್ನು ಬಿಗಿಮಾಡಿ ಗಾಳಿಗೆ ಮುಚ್ಚುವುದು ಡೋಪಿನ ಕೆಲಸ. ಅದರಲ್ಲಿ ನೈಟ್ರೇಟ್, ಬ್ಯುಟಿರೇಟ್ ಎಂದು ಎರಡು ಬಗೆ. ನೈಟ್ರೇಟ್ ಗ್ಲೋ ಇಂಧನಕ್ಕೆ ಕರಗುತ್ತದೆ, ಬ್ಯುಟಿರೇಟ್ ತಕ್ಕಮಟ್ಟಿಗೆ ತಡೆಯುತ್ತದೆ. ಆದರೂ ಅದು ಒಣಗುವ ಜಾತಿಯೇ. ಈಗ ಸಿಗುವುದೂ ಕಷ್ಟ. ನಿಮ್ಮ ವಿಮಾನಕ್ಕೆ ನಾನು ಅದನ್ನು ಹೇಳುವುದಿಲ್ಲ.

ಎಪಾಕ್ಸಿಗೆ ಜಾಗ ಇದೆ, ಹೊರಗಲ್ಲ, ಒಳಗೆ. ಇಂಜಿನ್ ಕೂರುವ ಹಲಗೆ, ಟ್ಯಾಂಕ್ ಗೂಡು, ಇಂಧನ ಸೋರಬಹುದಾದ ಮೂಲೆಗಳಿಗೆ ತೆಳುವಾಗಿ ಎಪಾಕ್ಸಿ ಬಳಿಯಿರಿ. ಹೊರಮೈಗೆ ಹಚ್ಚಿದರೆ ನಮ್ಮ ಬಿಸಿಲಿಗೆ ಹಳದಿಯಾಗುತ್ತದೆ. ರೆಕ್ಕೆಗೆ ಇಸ್ತ್ರಿ ಕಾವಿನಲ್ಲಿ ಅಂಟಿಸುವ ಪ್ಲಾಸ್ಟಿಕ್ ಫಿಲ್ಮ್ ಹೊದಿಸಿದ್ದರೆ ಅಲ್ಲಿ ಕ್ಲಿಯರೇ ಬೇಡ. ಪಾಲಿಯೆಸ್ಟರ್ ಫಿಲ್ಮ್ ಇಂಧನಕ್ಕೆ ಜಗ್ಗುವುದಿಲ್ಲ, ಸೋಲುವುದು ಅದರ ಅಂಚು. ಮೂಗಿನ ಕಡೆಯ ಅಂಚುಗಳಿಗೆ ಪಿಯುವನ್ನು ಸಣ್ಣ ಬ್ರಷ್ಷಿನಲ್ಲಿ ಎಳೆದರೆ ಸಾಕು. ತೂಕದ ಲೆಕ್ಕದಲ್ಲೂ ಇದೇ ಸರಿ. ಬಾಲಕ್ಕೆ ಒಂದು ಗ್ರಾಂ ಸೇರಿಸಿದರೆ ಅದನ್ನು ಸರಿದೂಗಿಸಲು ಮೂಗಿಗೆ ಹಲವು ಗ್ರಾಂ ಸೇರಿಸಬೇಕು. ಹಾಗಾಗಿ ಇಂಜಿನ್ನಿನಿಂದ ರೆಕ್ಕೆಯ ಹಿಂದಿನ ತನಕ ಮತ್ತು ಸೈಲೆನ್ಸರ್ ಉಗುಳುವ ಕಡೆ ಹೊಟ್ಟೆಯ ಉದ್ದಕ್ಕೂ ಪೂರ್ತಿ ಪದರ ಕೊಡಿ, ಉಳಿದ ಕಡೆ ಕೈ ಬಿಗಿಹಿಡಿಯಿರಿ.

ಈಗ ಅಂಟಾಗಿರುವ ಜಾಗದ ಮೇಲೆ ನೇರ ಪಿಯು ಹೊಡೆಯಬೇಡಿ. ಅದರೊಳಗಿನ ಥಿನ್ನರ್ ಕೆಳಗಿನ ಮೆತ್ತಗಿನ ಪದರವನ್ನು ಎಬ್ಬಿಸಿ ಸುಕ್ಕು ಮಾಡುತ್ತದೆ. ಕೆಟ್ಟ ಪದರ ಕೆರೆದು ತೆಗೆಯಿರಿ. ಮರ ಎಣ್ಣೆ ಕುಡಿದಿದ್ದರೆ ಕಾರ್ನ್‌ಫ್ಲೋರ್ ಪುಡಿ ಒತ್ತಿ ಒಂದು ರಾತ್ರಿ ಬಿಟ್ಟು ಉದುರಿಸಿ, ಕಲೆ ಇಳಿಯುವ ತನಕ ಎರಡು ಮೂರು ಸಲ ಹೀಗೆ ಮಾಡಿ. ಎಣ್ಣೆಯ ಮೇಲೆ ಯಾವ ಬಣ್ಣವೂ ಹಿಡಿಯುವುದಿಲ್ಲ. ಆಮೇಲೆ ಬಣ್ಣ, ಅದು ಪೂರ್ತಿ ಆರಿದ ಮೇಲೆ 400ರ ವಾಟರ್ ಪೇಪರ್‌ನಿಂದ ಹಗುರ ಉಜ್ಜು, ಆಮೇಲೆ ಕ್ಲಿಯರ್. ಹಾರ್ಡ್‌ನರ್ ಪ್ರಮಾಣ ಡಬ್ಬಿಯ ಮೇಲೆ ಬರೆದಷ್ಟೇ, ಅಳೆದು ಹಾಕಿ. ‘ಸ್ವಲ್ಪ ಜಾಸ್ತಿ ಹಾಕಿದರೆ ಬೇಗ ಗಟ್ಟಿಯಾಗುತ್ತೆ’ ಎಂಬ ಮಾತು ತಪ್ಪು.

ನಿಮ್ಮ ಕಡೆಯ ತೊಂದರೆ ಕೆಂಪು ಧೂಳು. ಸಂಡೂರಿನಿಂದ ತೋರಣಗಲ್ಲಿನವರೆಗೆ ಅದಿರಿನ ಲಾರಿ ಓಡುವ ದಾರಿಯ ಊರುಗಳಲ್ಲಿ ಹಸಿ ಕ್ಲಿಯರ್ ಮೇಲೆ ಧೂಳು ಕೂತರೆ ತೆಗೆಯಲು ಬಾರದು. ಬೆಳಗಿನ ಜಾವ ಗಾಳಿ ಏಳುವ ಮುಂಚೆ, ನೆಲಕ್ಕೆ ನೀರು ಚಿಮುಕಿಸಿ ಕೆಲಸ ಮುಗಿಸಿ. ಏಪ್ರಿಲ್, ಮೇ ಬಿಸಿಲಿನಲ್ಲಿ ಥಿನ್ನರ್ ಹಾದಿಯಲ್ಲೇ ಆರಿ ಮೈ ಕಿತ್ತಳೆ ಸಿಪ್ಪೆಯಂತಾಗುತ್ತದೆ. ನಿಧಾನಕ್ಕೆ ಆರುವ ಥಿನ್ನರ್ ಕೇಳಿ.

ಒಂದು ಮಾತನ್ನು ಮಾತ್ರ ಖಡಾಖಂಡಿತ ಹೇಳುತ್ತೇನೆ. ಪಿಯು ಹಾರ್ಡ್‌ನರ್‌ನಲ್ಲಿ ಐಸೋಸಯನೇಟ್ ಇದೆ. ಅದರ ಮಂಜು ಉಸಿರಿಗೆ ಹೋದರೆ ಆಸ್ತಮಾ ಬರಬಹುದು, ಒಮ್ಮೆ ಬಂದರೆ ಅದು ಜೀವನಪೂರ್ತಿ ಕಾಡಬಹುದು. ಬಟ್ಟೆಯ ಮಾಸ್ಕ್, ಧೂಳಿನ ಮಾಸ್ಕ್ ಇದಕ್ಕೆ ಏನೇನೂ ಸಾಲದು. ಹಾರ್ಡ್‌ನರ್ ಒಳಗೇ ಇರುವ ಟೂ-ಕೆ ಸ್ಪ್ರೇ ಡಬ್ಬಿಗೂ ಇದೇ ಮಾತು. ನನ್ನ ಸಲಹೆ: ಬಣ್ಣ ನೀವೇ ಮುಗಿಸಿ, ಕ್ಲಿಯರ್ ಹೊಡೆಯಲು ಸರಿಯಾದ ಮಾಸ್ಕ್, ಗಾಳಿಯ ವ್ಯವಸ್ಥೆ ಇಟ್ಟುಕೊಂಡ ಕಾರ್ ಪೇಂಟಿಂಗ್ ಶೆಡ್ಡಿಗೆ ಒಯ್ಯಿರಿ. ಅವರು ಒಂದು ಬಾನೆಟ್‌ಗೆ ಕಲಸುವಾಗ ನಿಮ್ಮದಕ್ಕೂ ಸೇರಿಸಿ ಕಲಸಬಹುದು. ಮನೆಯಲ್ಲಿ ಅಂಚುಗಳನ್ನಷ್ಟೇ ಬ್ರಷ್ಷಿನಲ್ಲಿ, ಬಯಲಲ್ಲಿ, ಕೈಗವಸು ಹಾಕಿ ಮಾಡಿ. ತಮ್ಮ ಚಿಕ್ಕವನಾದರೆ ದೂರ ನಿಲ್ಲಲಿ.

ಶೆಡ್ಡಿಗೆ ಹೋಗುವಾಗ ಗೇಣುದ್ದದ ಬಾಲ್ಸಾ ಪಟ್ಟಿಯೊಂದಕ್ಕೆ ಅದೇ ಬಣ್ಣ ಬಳಿದು ಜೊತೆಗೆ ಒಯ್ದು ಅದಕ್ಕೂ ಕ್ಲಿಯರ್ ಹೊಡೆಸಿ. ಕೈಗೆ ಅಂಟದಷ್ಟು ಆರಲು ಕೆಲವೇ ಗಂಟೆ ಸಾಕು, ಒಳಗೆ ಪೂರ್ತಿ ಬೇಯಲು ಸುಮಾರು ಒಂದು ವಾರ ಬೇಕು. ಬಹಳ ಜನ ಕೆಡಿಸಿಕೊಳ್ಳುವುದು ಈ ವಾರ ಕಾಯಲಾರದೆ. ವಾರ ಕಳೆದ ಮೇಲೆ ನಿಮ್ಮದೇ ಎಣ್ಣೆ ಬೆರೆಸಿದ ಪೆಟ್ರೋಲಿನಲ್ಲಿ ಹತ್ತಿ ನೆನೆಸಿ ಪಟ್ಟಿಯ ಮೇಲಿಟ್ಟು, ಆರದಂತೆ ಬಾಟಲಿಯ ಲೋಹದ ಮುಚ್ಚಳ ಕವುಚಿ ಅರ್ಧ ಗಂಟೆ ಬಿಡಿ. ತೆಗೆದು ಉಗುರಿನಿಂದ ಒತ್ತಿ ನೋಡಿ. ಗುರುತು ಬೀಳದಿದ್ದರೆ ಟ್ಯಾಂಕ್ ತುಂಬಿಸಿ.

ಕಾಯುವ ಆ ವಾರದಲ್ಲೇ, ಡ್ರೋನ್ ಎಲ್ಲಿ ಹಾರಿಸಬಹುದೆಂದು ಬಣ್ಣಗಳಲ್ಲಿ ತೋರಿಸುವ ಡಿಜಿಟಲ್ ಸ್ಕೈ ನಕ್ಷೆ ತೆರೆದು ನೀವು ಹಾರಿಸುವ ಬಯಲು ಯಾವ ಬಣ್ಣದಲ್ಲಿದೆ ಎಂದೂ ನೋಡಿಬಿಡಿ. ವಿದ್ಯಾನಗರದ ವಿಮಾನ ನಿಲ್ದಾಣ ನಿಮಗೆ ತೀರ ಹತ್ತಿರ, ಮತ್ತು 2021ರ ಡ್ರೋನ್ ನಿಯಮಗಳ ವ್ಯಾಪ್ತಿಗೆ ಹವ್ಯಾಸದ ಮಾಡೆಲ್ ವಿಮಾನಗಳೂ ಬರುತ್ತವೆ. ಕೆಂಪು ಅಥವಾ ಹಳದಿ ಇದ್ದರೆ ಅನುಮತಿ ಇಲ್ಲದೆ ಅಲ್ಲಿ ಹಾರಿಸುವಂತಿಲ್ಲ. ಹಸಿರು ತೋರಿಸುವ ಬೇರೆ ಬಯಲು ಹುಡುಕಿ.